ಆಟದ ಯಂತ್ರಗಳ ಚಿತ್ರಣ ಸಾಮರ್ಥ್ಯ: ಒಂದು ವಿವೇಚನೆ

೧. ಪೀಠಿಕೆ

ಟೆಲಿವಿಷನ್ನಿಗೆ ಜೋಡಿಸಿ ವಿಡಿಯೊ ಆಟಗಳನ್ನು ಆಡುವ ಯಂತ್ರಕ್ಕೆ ಕನ್ಸೋಲ್ ಎಂದು ಹೆಸರು. ಇಂಥ ಯಂತ್ರಗಳ ಹೊಸ ಪೀಳಿಗೆಯೊಂದು ಮಾರುಕಟ್ಟೆಗೆ ಬಂದಾಗಲೆಲ್ಲ ಯಾವುದರ ಚಿತ್ರಣ ಸಾಮರ್ಥ್ಯ ಮಿಗಿಲಾದುದು ಎಂಬ ವಾದ ಏಳುವುದು ವಾಡಿಕೆ. ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಉಳಿಯುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳಿಂದ ಬರುವ ನಮ್ಮ ವಿದ್ಯಾರ್ಥಿಗಳಲ್ಲಿಯೂ ಈ ವಾದ ಕೇಳಿಬರುತ್ತದೆ. ಅವರಲ್ಲಿ ಯಂತ್ರವನ್ನು ಕೊಂಡವರು ಕೆಲವರೇ. ಅದರ ಅಂಕಿಗಳನ್ನು ಬಾಯಿಪಾಠ ಮಾಡಿದವರು ಬಹುಮಂದಿ.

ಈ ವಾದವನ್ನು ಹುಡುಗರ ಮಾತೆಂದು ತಳ್ಳಿಹಾಕುವುದು ಉಚಿತವಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎಂಬ ಯಂತ್ರ ೨೦೨೦ರ ನವೆಂಬರಿನಲ್ಲಿಯೂ, ಪ್ಲೇಸ್ಟೇಷನ್ ೫ ಎಂಬುದು ೨೦೨೧ರ ಫೆಬ್ರವರಿಯಲ್ಲಿಯೂ ಭಾರತಕ್ಕೆ ಬಂದಾಗ ಎರಡರ ಬೆಲೆಯೂ ೪೯,೯೯೦ ರೂಪಾಯಿ. ಮಳೆಯನ್ನೇ ನಂಬಿ ಬೇಸಾಯ ಮಾಡುವ ಮನೆತನಕ್ಕೆ ಇದು ಸಣ್ಣ ಮೊತ್ತವಲ್ಲ. ಹೀಗಿರುವಲ್ಲಿ, ಯಂತ್ರದ ಯೋಗ್ಯತೆಯನ್ನು ಒಂದೇ ಅಂಕಿಯಿಂದ ಅಳೆಯಬಹುದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಆ ಅಂಕಿ ಎಲ್ಲಿಂದ ಬಂತು, ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೨. ಅಂಕಿಯ ಹುಟ್ಟು

ಈಗ ಬಳಕೆಯಲ್ಲಿರುವ ಅಳತೆಗೆ ಟೆರಾಫ್ಲಾಪ್ ಎಂದು ಹೆಸರು. ದಶಾಂಶವುಳ್ಳ ಸಂಖ್ಯೆಗಳ ಮೇಲೆ ಒಂದು ಸೆಕೆಂಡಿಗೆ ಒಂದು ಲಕ್ಷ ಕೋಟಿ ಗಣಿತಕ್ರಿಯೆಗಳು ನಡೆದರೆ ಅದು ಒಂದು ಟೆರಾಫ್ಲಾಪ್. ಪ್ಲೇಸ್ಟೇಷನ್ ೫ಕ್ಕೆ ೧೦.೨೮, ಸೀರೀಸ್ ಎಕ್ಸ್‌ಗೆ ೧೨.೧೫ ಎಂದು ಹೇಳುತ್ತಾರೆ. ಇವು ಪ್ರಯೋಗದಿಂದ ಅಳೆದ ಅಂಕಿಗಳಲ್ಲ, ಗುಣಾಕಾರದಿಂದ ಬಂದವು. ಯಾವ ವಿದ್ಯಾರ್ಥಿಯಾದರೂ ಇದನ್ನು ಮಾಡಿ ನೋಡಬಹುದು.

ಪ್ಲೇಸ್ಟೇಷನ್ ೫ರ ಚಿತ್ರಣ ಭಾಗದಲ್ಲಿ ೩೬ ಗಣನ ಘಟಕಗಳಿವೆ. ಒಂದೊಂದರಲ್ಲಿಯೂ ೬೪ ಲೆಕ್ಕಾಂಗಗಳು. ಒಂದೊಂದು ಲೆಕ್ಕಾಂಗವೂ ಗಡಿಯಾರದ ಒಂದು ಮಿಡಿತದಲ್ಲಿ ಒಂದು ಗುಣಾಕಾರವನ್ನೂ ಒಂದು ಸಂಕಲನವನ್ನೂ ಒಟ್ಟಿಗೆ ಮಾಡಬಲ್ಲುದಾದ್ದರಿಂದ ಅದನ್ನು ಎರಡು ಕ್ರಿಯೆಯೆಂದು ಎಣಿಸುತ್ತಾರೆ. ಗಡಿಯಾರ ಸೆಕೆಂಡಿಗೆ ಹೆಚ್ಚೆಂದರೆ ೨೨೩ ಕೋಟಿ ಬಾರಿ ಮಿಡಿಯುತ್ತದೆ. ೩೬, ೬೪, ೨, ೨೨೩ ಕೋಟಿ ಇವನ್ನು ಗುಣಿಸಿದರೆ ೧೦,೨೭,೫೮೪ ಕೋಟಿ ಬರುತ್ತದೆ, ಅದೇ ೧೦.೨೮. ಸೀರೀಸ್ ಎಕ್ಸ್‌ನಲ್ಲಿ ಘಟಕಗಳು ೫೨, ಮಿಡಿತ ೧೮೨.೫ ಕೋಟಿ. ಗುಣಲಬ್ಧ ೧೨,೧೪,೭೨೦ ಕೋಟಿ.

ಆದುದರಿಂದ ಟೆರಾಫ್ಲಾಪ್ ಎಂಬುದು ಒಂದು ಮೇಲ್ಮಿತಿ. ಎಲ್ಲ ಲೆಕ್ಕಾಂಗಗಳೂ ಒಂದು ಮಿಡಿತವನ್ನೂ ವ್ಯರ್ಥಮಾಡದೆ ದುಡಿದರೆ ಎಷ್ಟು ಕ್ರಿಯೆ ನಡೆದೀತು ಎಂಬುದನ್ನು ಅದು ಹೇಳುತ್ತದೆ. ಹಾಗೆ ದುಡಿಯುತ್ತವೆಯೆ ಎಂಬುದು ಬೇರೆಯ ಪ್ರಶ್ನೆ.

ಎಣಿಸುವ ಕ್ರಮ ಬದಲಾದರೆ ಅಂಕಿಯೂ ಬದಲಾಗುತ್ತದೆಂಬುದಕ್ಕೆ ಹಿಂದಿನ ಒಂದು ನಿದರ್ಶನ ಸಾಕು. ೨೦೦೫ರಲ್ಲಿ ಪ್ಲೇಸ್ಟೇಷನ್ ೩ನ್ನು ಪ್ರಕಟಿಸಿದಾಗ ಅದರ ಒಟ್ಟು ಸಾಮರ್ಥ್ಯ ೨ ಟೆರಾಫ್ಲಾಪ್ ಎಂದು ಸಾರಿದರು. ೨೦೧೩ರಲ್ಲಿ ಬಂದ ಪ್ಲೇಸ್ಟೇಷನ್ ೪ರ ಚಿತ್ರಣ ಭಾಗಕ್ಕೆ ಹೇಳಿದ ಅಂಕಿ ೧.೮೪. ಅಂಕಿಯನ್ನೇ ನಂಬುವುದಾದರೆ ಎಂಟು ವರ್ಷ ತಡವಾಗಿ ಬಂದ ಯಂತ್ರ ಹಿಂದುಳಿದುದೆನ್ನಬೇಕು. ಎರಡರ ಆಟಗಳನ್ನು ನೋಡಿದವರು ಯಾರೂ ಹಾಗೆನ್ನಲಾರರು. ಮೊದಲಿನ ಎಣಿಕೆಯಲ್ಲಿ ಒಂದೊಂದು ನಿಯತ ಕೆಲಸಕ್ಕೆಂದೇ ಇದ್ದ ಮಂಡಲಗಳೂ ಸೇರಿದ್ದವು. ಎರಡನೆಯದರಲ್ಲಿ ಯಾವ ಲೆಕ್ಕವನ್ನಾದರೂ ಮಾಡಬಲ್ಲ ಅಂಗಗಳನ್ನು ಮಾತ್ರ ಎಣಿಸಿದರು.

೩. ಐದು ತಾಲ್ಲೂಕುಗಳ ಒಂದು ಕಲ್ಪಿತ ಆಟ

ಯಂತ್ರದ ಒಳಗೆ ನಡೆಯುವ ಕೆಲಸ ಸ್ಪಷ್ಟವಾಗಬೇಕಾದರೆ ನಮ್ಮ ಐದು ತಾಲ್ಲೂಕುಗಳನ್ನೇ ರಂಗಭೂಮಿಯಾಗಿ ಉಳ್ಳ ಒಂದು ಆಟವನ್ನು ಕಲ್ಪಿಸಿಕೊಳ್ಳೋಣ.

ಮೊದಲು ಆಕಾರ. ಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯ ವಿಗ್ರಹವೊಂದನ್ನು ತೋರಿಸಬೇಕಾಗಿದೆಯೆನ್ನಿ. ಯಂತ್ರಕ್ಕೆ ಕಲ್ಲೂ ಗೊತ್ತಿಲ್ಲ, ಶಿಲ್ಪವೂ ಗೊತ್ತಿಲ್ಲ. ವಿಗ್ರಹದ ಮೈಯನ್ನು ಸಾವಿರಾರು ಸಣ್ಣ ತ್ರಿಕೋನಗಳಾಗಿ ಒಡೆದು, ಪ್ರತಿಯೊಂದರ ಮೂರು ಮೂಲೆಗಳ ಸ್ಥಾನವನ್ನು ಸಂಖ್ಯೆಗಳಲ್ಲಿ ಬರೆದಿರುತ್ತಾರೆ. ಆಟಗಾರ ನಿಂತ ಜಾಗದಿಂದ ನೋಡಿದರೆ ಆ ಮೂಲೆಗಳು ಪರದೆಯ ಮೇಲೆ ಎಲ್ಲಿ ಬೀಳುತ್ತವೆ ಎಂದು ಲೆಕ್ಕಹಾಕಿ, ಒಂದರ ಹಿಂದೊಂದು ಬಂದಾಗ ಹತ್ತಿರದ್ದನ್ನು ಉಳಿಸಿ, ಅದರೊಳಗಿನ ಚಿತ್ರಬಿಂದುಗಳಿಗೆ ಬಣ್ಣ ತುಂಬುವುದು ಯಂತ್ರದ ಕೆಲಸ. ಲೆಕ್ಕಾಂಗಗಳ ಸಂಖ್ಯೆ ಇಲ್ಲಿ ನೇರವಾಗಿ ಪ್ರಯೋಜನಕ್ಕೆ ಬರುತ್ತದೆ.

ಎರಡನೆಯದು ಬೆಳಕು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ಮಂಟಪದಲ್ಲಿ ಅಲಂಕೃತ ಕಂಬಗಳು ಸಾಲಾಗಿ ನಿಂತಿವೆ. ಹೊರಗಿನ ಬಿಸಿಲು ನೆಲಕ್ಕೆ ಬಿದ್ದು, ಅಲ್ಲಿಂದ ಕಂಬಕ್ಕೆ ತಾಗಿ, ಕಂಬದಿಂದ ಭುವನೇಶ್ವರಿಯ ಕಡೆಗೆ ಚಿಮ್ಮುವುದರಿಂದಲೇ ಒಳಗಿನ ಮಬ್ಬಿನಲ್ಲಿಯೂ ನಮಗೆ ಕೆತ್ತನೆ ಕಾಣುತ್ತದೆ. ಹಳೆಯ ಕ್ರಮದಲ್ಲಿ ಈ ಚಿಮ್ಮಿದ ಬೆಳಕನ್ನು ಮುಂಚಿತವಾಗಿ ಅಂದಾಜುಮಾಡಿ ಬಳಿದುಬಿಡುತ್ತಿದ್ದರು. ಹೊಸ ಯಂತ್ರಗಳಲ್ಲಿ ಕಿರಣಾನುಸರಣದ ಕ್ರಮವುಂಟು. ಆಟಗಾರರು ಇದನ್ನು ರೇ ಟ್ರೇಸಿಂಗ್ ಎನ್ನುತ್ತಾರೆ. ಕಣ್ಣಿನಿಂದ ಪ್ರತಿಯೊಂದು ಚಿತ್ರಬಿಂದುವಿನ ಮೂಲಕ ಒಂದು ಕಿರಣವನ್ನು ಕಳುಹಿಸಿ, ಅದು ಯಾವ ಕಂಬಕ್ಕೆ ತಾಗಿತು, ಅಲ್ಲಿಂದ ಬೆಳಕಿನ ಮೂಲ ಕಾಣುತ್ತದೆಯೆ ಎಂದು ಹುಡುಕುವುದು ಇದರ ತಿರುಳು. ೨೦೨೦ರ ಯಂತ್ರಗಳಲ್ಲಿ ಈ ಹುಡುಕಾಟಕ್ಕೆಂದೇ ಪ್ರತ್ಯೇಕ ಮಂಡಲಗಳಿವೆ. ಅವುಗಳ ವೇಗ ಟೆರಾಫ್ಲಾಪ್ ಎಣಿಕೆಯಲ್ಲಿ ಸೇರಿಲ್ಲವೆಂಬುದನ್ನು ಗಮನಿಸಬೇಕು.

ಮೂರನೆಯದು ಜನಸಂದಣಿ. ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವದ ದೃಶ್ಯದಲ್ಲಿ ತೇರಿನ ಸುತ್ತ ನೆರೆದ ಒಬ್ಬೊಬ್ಬನೂ ಎತ್ತ ನಡೆಯಬೇಕು, ಯಾರಿಗೆ ದಾರಿ ಬಿಡಬೇಕು, ತೇರು ಹೊರಳಿದಾಗ ಹೇಗೆ ಸರಿಯಬೇಕು ಎಂಬುದನ್ನು ತೀರ್ಮಾನಿಸುವುದು ಚಿತ್ರಣ ಭಾಗವಲ್ಲ, ಕೇಂದ್ರ ಸಂಸ್ಕಾರಕ. ಅದು ನಿಧಾನವಾದರೆ ಚಿತ್ರಣ ಭಾಗ ಕೈಕಟ್ಟಿ ಕಾಯಬೇಕಾಗುತ್ತದೆ. ನಾವು ಹೋಲಿಸುತ್ತಿರುವ ಎರಡೂ ಯಂತ್ರಗಳಲ್ಲಿ ಎಂಟು ತಿರುಳುಗಳ, ಒಂದೇ ವಂಶದ ಸಂಸ್ಕಾರಕವಿರುವುದರಿಂದ ಇಲ್ಲಿ ಅವು ಹೆಚ್ಚುಕಡಿಮೆ ಸಮಾನ.

ನಾಲ್ಕನೆಯದು ಸಂಚಾರ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗುಡ್ಡಗಳಿಂದ ಹೊರಟ ಆಟಗಾರ ವೇಗವಾಗಿ ಹಡಗಲಿಯ ಕಡೆ ತುಂಗಭದ್ರೆಯ ದಂಡೆಗೆ ಬಂದರೆ, ಹಿಂದಿನ ಗುಡ್ಡಗಳನ್ನು ನೆನಪಿನಿಂದ ಅಳಿಸಿ ಮುಂದಿನ ಹೊಲ, ಊರು, ಹೊಳೆಗಳನ್ನು ಸಂಗ್ರಹದಿಂದ ತರಬೇಕು. ಪ್ಲೇಸ್ಟೇಷನ್ ೫ರ ಸಂಗ್ರಹ ಸೆಕೆಂಡಿಗೆ ೫.೫ ಗಿಗಾಬೈಟ್ ಒದಗಿಸಬಲ್ಲುದು. ಸೀರೀಸ್ ಎಕ್ಸ್‌ನದು ೨.೪. ಟೆರಾಫ್ಲಾಪಿನಲ್ಲಿ ಹಿಂದಿರುವ ಯಂತ್ರ ಇಲ್ಲಿ ಮುಂದಿದೆ.

೪. ಕಟ್ಟೆ ಮತ್ತು ತೂಬು

ಇನ್ನುಳಿದುದು ಎಲ್ಲಕ್ಕಿಂತ ಮುಖ್ಯವಾದುದು. ಲೆಕ್ಕಾಂಗಗಳು ತಾವೇ ಸಂಖ್ಯೆಗಳನ್ನು ಹುಟ್ಟಿಸಲಾರವು. ನೆನಪಿನ ಕೋಶಗಳಿಂದ ಅವು ಹರಿದು ಬರಬೇಕು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಮಾಲವಿ ಜಲಾಶಯಕ್ಕೆ ಕಟ್ಟೆಯಿತ್ತು, ಕಾಲುವೆಯಿತ್ತು. ಆದರೆ ನೀರಿಲ್ಲದೆ ಅದು ಅನೇಕ ವರ್ಷ ಬರಿದಾಗಿ ನಿಂತುದನ್ನು ಆ ಕಡೆಯವರೆಲ್ಲರೂ ಬಲ್ಲರು. ಕಾಗದದ ಮೇಲಿನ ಸಾಮರ್ಥ್ಯದಿಂದ ಹೊಲ ನೆನೆಯುವುದಿಲ್ಲ. ಲೆಕ್ಕಾಂಗಗಳ ಮಾತೂ ಇದೇ.

ಪ್ಲೇಸ್ಟೇಷನ್ ೫ರ ನೆನಪು ಸೆಕೆಂಡಿಗೆ ೪೪೮ ಗಿಗಾಬೈಟ್ ಹರಿಸಬಲ್ಲುದು. ಒಂದು ಸಂಖ್ಯೆಗೆ ನಾಲ್ಕು ಬೈಟು ಬೇಕಾದುದರಿಂದ ಇದು ಸೆಕೆಂಡಿಗೆ ೧೧,೨೦೦ ಕೋಟಿ ಸಂಖ್ಯೆಗಳಾಯಿತು. ೧೦.೨೮ ಲಕ್ಷ ಕೋಟಿ ಕ್ರಿಯೆಗಳನ್ನು ಇದರಿಂದ ಭಾಗಿಸಿದರೆ, ಹೊರಗಿನಿಂದ ತಂದ ಒಂದೊಂದು ಸಂಖ್ಯೆಯ ಮೇಲೆಯೂ ಸುಮಾರು ೯೨ ಕ್ರಿಯೆ ನಡೆದರೆ ಮಾತ್ರ ಎಲ್ಲ ಲೆಕ್ಕಾಂಗಗಳಿಗೂ ಕೆಲಸವಿದ್ದೀತು ಎಂದು ತಿಳಿಯುತ್ತದೆ. ಚಿಪ್ಪಿನೊಳಗೇ ಇರುವ ಚಿಕ್ಕ, ಚುರುಕಾದ ನೆನಪು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಆದರೂ ಪೂರ್ತಿಯಾಗಿ ಅಲ್ಲ. ಸೀರೀಸ್ ಎಕ್ಸ್‌ನಲ್ಲಿ ಒಟ್ಟು ೧೬ ಗಿಗಾಬೈಟ್ ನೆನಪಿನ ಪೈಕಿ ೧೦ ಗಿಗಾಬೈಟ್ ೫೬೦ರ ವೇಗದಲ್ಲಿಯೂ ಉಳಿದ ೬ ಗಿಗಾಬೈಟ್ ೩೩೬ರ ವೇಗದಲ್ಲಿಯೂ ಹರಿಯುತ್ತವೆ. ಯಾವ ಸಾಮಗ್ರಿಯನ್ನು ಯಾವ ಭಾಗದಲ್ಲಿಡಬೇಕೆಂಬ ವಿವೇಕವನ್ನು ಆಟ ಬರೆಯುವವರೇ ತೋರಿಸಬೇಕು.

ಈ ಮಾತಿಗೆ ತಯಾರಕರ ಅಂಕಿಗಳಲ್ಲಿಯೇ ಸಾಕ್ಷ್ಯ ದೊರೆಯುತ್ತದೆ. ೨೦೨೪ರ ನವೆಂಬರಿನಲ್ಲಿ ಹೊರಬಂದ ಪ್ಲೇಸ್ಟೇಷನ್ ೫ ಪ್ರೊ ಎಂಬ ಯಂತ್ರದ ಟೆರಾಫ್ಲಾಪ್ ೧೬.೭; ಎಂದರೆ ಹಿಂದಿನದಕ್ಕಿಂತ ಶೇಕಡ ೬೨ರಷ್ಟು ಹೆಚ್ಚು. ಆದರೆ ಚಿತ್ರಣ ಶೇಕಡ ೪೫ರವರೆಗೆ ಮಾತ್ರ ವೇಗವಾದೀತೆಂದು ತಯಾರಕರೇ ತಿಳಿಸಿದರು. ಅದರ ನೆನಪಿನ ವೇಗ ಏರಿದುದು ಶೇಕಡ ೨೮ರಷ್ಟು. ಕಟ್ಟೆ ಎತ್ತರವಾದಷ್ಟು ತೂಬು ಅಗಲವಾಗಲಿಲ್ಲ.

೫. ಅಂತರ ಕಣ್ಣಿಗೆ ಕಂಡೀತೆ?

೧೨.೧೫ಕ್ಕೂ ೧೦.೨೮ಕ್ಕೂ ಇರುವ ಅಂತರ ಶೇಕಡ ೧೮. ಇದಿಷ್ಟೂ ಚಿತ್ರಬಿಂದುಗಳನ್ನು ಹೆಚ್ಚಿಸುವುದಕ್ಕೇ ವಿನಿಯೋಗವಾಯಿತೆಂದು ಭಾವಿಸೋಣ. ಫೋರ್ ಕೆ ಎಂದು ಕರೆಯುವ ಪರದೆಯಲ್ಲಿ ೩೮೪೦ ನಿಲುಸಾಲುಗಳೂ ೨೧೬೦ ಅಡ್ಡಸಾಲುಗಳೂ ಇರುವುದರಿಂದ ಒಟ್ಟು ಬಿಂದುಗಳು ೮೨,೯೪,೪೦೦. ಬಿಂದುಗಳ ಸಂಖ್ಯೆ ಉದ್ದಗಲಗಳೆರಡರಲ್ಲಿಯೂ ಹಂಚಿಹೋಗುವುದರಿಂದ, ಶೇಕಡ ೧೮ರ ಅಂತರ ಒಂದೊಂದು ದಿಕ್ಕಿಗೆ ಶೇಕಡ ೯ಕ್ಕಿಂತ ಕಡಿಮೆಯಾಗುತ್ತದೆ. ಒಂದು ಯಂತ್ರ ೨೧೬೦ ಅಡ್ಡಸಾಲುಗಳನ್ನು ಬರೆದರೆ ಇನ್ನೊಂದು ಸುಮಾರು ೧೯೮೭ ಸಾಲುಗಳನ್ನು ಬರೆದೀತು.

ಈಗ ನೋಡುವವನನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು. ಸಾಮಾನ್ಯ ದೃಷ್ಟಿ ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲಿನಷ್ಟು ಕೋನವನ್ನು ಗುರುತಿಸಬಲ್ಲುದೆಂದು ಸ್ಥೂಲವಾಗಿ ಹೇಳುತ್ತಾರೆ. ಎರಡೂವರೆ ಮೀಟರು ದೂರದಲ್ಲಿ ಇದು ೦.೭೩ ಮಿಲಿಮೀಟರಿಗೆ ಸಮ. ೪೩ ಅಂಗುಲದ ಫೋರ್ ಕೆ ಪರದೆಯಲ್ಲಿ ಒಂದು ಬಿಂದುವಿನ ಅಗಲ ಸುಮಾರು ೦.೨೫ ಮಿಲಿಮೀಟರು, ೧೦೮೦ ಸಾಲುಗಳ ಹಳೆಯ ಪರದೆಯಲ್ಲಿಯೂ ೦.೫ ಮಿಲಿಮೀಟರು ಮಾತ್ರ. ಎಂದಮೇಲೆ ಸಾಧಾರಣ ಮನೆಯ ನಡುಮನೆಯಲ್ಲಿ ಕುಳಿತು ನೋಡುವವನಿಗೆ ೧೭೩ ಸಾಲುಗಳ ಅಂತರ ಕಾಣುವುದು ದುಸ್ತರ.

ಅಂತರ ಯಾವಾಗಲೂ ನಗಣ್ಯವೆಂದು ಇದರಿಂದ ತೀರ್ಮಾನಿಸಬಾರದು. ೨೦೧೩ರಲ್ಲಿ ಪ್ಲೇಸ್ಟೇಷನ್ ೪ರ ಅಂಕಿ ೧.೮೪, ಎಕ್ಸ್‌ಬಾಕ್ಸ್ ಒನ್‌ನದು ೧.೩೧. ಬ್ಯಾಟಲ್‌ಫೀಲ್ಡ್ ೪ ಎಂಬ ಒಂದೇ ಆಟ ಮೊದಲನೆಯದರಲ್ಲಿ ೯೦೦ ಸಾಲುಗಳಲ್ಲಿಯೂ ಎರಡನೆಯದರಲ್ಲಿ ೭೨೦ ಸಾಲುಗಳಲ್ಲಿಯೂ ಓಡಿತು. ಈ ಅಂತರ ಪರದೆಯ ಮೇಲೆ ಕಾಣುವಂಥದು. ಆದರೆ ಆಗಲೂ ಟೆರಾಫ್ಲಾಪ್ ಒಂದೇ ಕಾರಣವಾಗಿರಲಿಲ್ಲ. ಪ್ಲೇಸ್ಟೇಷನ್ ೪ರ ನೆನಪಿನ ವೇಗ ೧೭೬ ಗಿಗಾಬೈಟ್, ಇನ್ನೊಂದರ ಮುಖ್ಯ ನೆನಪಿನದು ೬೮. ಅದರ ಚಿಪ್ಪಿನೊಳಗಿನ ೩೨ ಮೆಗಾಬೈಟ್ ನೆನಪು ಈ ಕೊರತೆಯನ್ನು ಭಾಗಶಃ ಮಾತ್ರ ನೀಗಿತು.

ಬಿಂದುಗಳಿಗಿಂತ ಬೇಗ ಅನುಭವಕ್ಕೆ ಬರುವುದು ಚಲನೆ. ಸೆಕೆಂಡಿಗೆ ೬೦ ಚಿತ್ರ ಬೇಕಾದರೆ ಒಂದೊಂದನ್ನೂ ೧೬.೭ ಮಿಲಿಸೆಕೆಂಡಿನಲ್ಲಿ ಮುಗಿಸಬೇಕು. ೩೦ ಸಾಕೆಂದರೆ ೩೩.೩ ಮಿಲಿಸೆಕೆಂಡು ದೊರೆಯುತ್ತದೆ. ಬಾಗಳಿಯ ಮಂಟಪದ ಬೆಳಕನ್ನು ಯಥಾವತ್ತಾಗಿ ತೋರಿಸುವ ಆಸೆಯಿಂದ ಚಲನೆಯನ್ನು ಅರ್ಧಕ್ಕಿಳಿಸುವುದೂ, ಚಲನೆಗಾಗಿ ಬೆಳಕನ್ನು ಸರಳಗೊಳಿಸುವುದೂ ಆಟ ರಚಿಸುವವರ ಆಯ್ಕೆ. ಅನೇಕ ಆಟಗಳಲ್ಲಿ ಈ ಆಯ್ಕೆಯನ್ನು ಆಟಗಾರನಿಗೇ ಬಿಟ್ಟಿರುತ್ತಾರೆ. ಅಲ್ಲದೆ, ಕಡಿಮೆ ಬಿಂದುಗಳಲ್ಲಿ ಬರೆದ ಚಿತ್ರವನ್ನು ಯಂತ್ರಕಲಿಕೆಯ ನೆರವಿನಿಂದ ಹಿಗ್ಗಿಸುವ ಉಪಾಯ ಈಚೆಗೆ ಕನ್ಸೋಲುಗಳಿಗೂ ಬಂದಿರುವುದರಿಂದ, ಲೆಕ್ಕಹಾಕಿದ ಬಿಂದುಗಳೆಷ್ಟು, ಊಹಿಸಿದವೆಷ್ಟು ಎಂಬ ಭೇದವೇ ಮಸುಕಾಗುತ್ತಿದೆ.

೬. ಸಮಾಪ್ತಿ

ಮೇಲಿನ ವಿವೇಚನೆಯಿಂದ ಟೆರಾಫ್ಲಾಪ್ ಸುಳ್ಳು ಅಂಕಿಯೆಂದು ಯಾರೂ ತಿಳಿಯಬಾರದು. ಒಂದೇ ವಂಶದ ಎರಡು ಚಿಪ್ಪುಗಳನ್ನು ಒಂದೇ ಕ್ರಮದಲ್ಲಿ ಎಣಿಸಿದಾಗ ಅದು ಉಪಯುಕ್ತವಾದ ಸೂಚನೆಯೇ ಸರಿ. ಭಿನ್ನ ಕಾಲದ, ಭಿನ್ನ ರಚನೆಯ ಯಂತ್ರಗಳನ್ನು ಅದರಿಂದ ತೂಗಹೊರಟಾಗ ಮಾತ್ರ ಅದು ದಾರಿತಪ್ಪಿಸುತ್ತದೆ. ಚಿತ್ರ ಎಷ್ಟು ಚೆನ್ನಾಗಿ ಮೂಡೀತೆಂಬುದನ್ನು ನಿರ್ಧರಿಸುವುದು ಲೆಕ್ಕಾಂಗ, ನೆನಪು, ಸಂಗ್ರಹ, ಸಂಸ್ಕಾರಕ ಇವುಗಳ ಸಾಲಿನಲ್ಲಿ ಆಯಾ ದೃಶ್ಯಕ್ಕೆ ಅತ್ಯಂತ ಇಕ್ಕಟ್ಟಾದ ತಾಣ. ಆದುದರಿಂದ ಹಣ ತೆರುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಮೇಲು: ನಮ್ಮ ಮನೆಯ ಪರದೆ ಎಷ್ಟು ದೊಡ್ಡದು, ಎಷ್ಟು ದೂರದಿಂದ ನೋಡುತ್ತೇವೆ? ನಾವು ಆಡಬಯಸುವ ಆಟ ಸೆಕೆಂಡಿಗೆ ಎಷ್ಟು ಚಿತ್ರಗಳಂತೆ ಓಡುತ್ತದೆ? ಆ ಆಟ ಆ ಯಂತ್ರದಲ್ಲಿ ದೊರೆಯುತ್ತದೆಯೆ? ಚಿತ್ರಣ ಸಾಮರ್ಥ್ಯದಲ್ಲಿ ತನ್ನ ಕಾಲದ ಯಂತ್ರಗಳಿಗಿಂತ ಬಹಳ ಹಿಂದಿದ್ದ ನಿಂಟೆಂಡೊ ಸ್ವಿಚ್, ೨೦೧೭ರಿಂದ ಈಚೆಗೆ ೧೫ ಕೋಟಿಗೂ ಮೀರಿ ಮಾರಾಟವಾಗಿದೆ ಎಂಬುದು ಮೂರನೆಯ ಪ್ರಶ್ನೆಯ ತೂಕವನ್ನು ತೋರಿಸುತ್ತದೆ.

ಅಧ್ಯಾಪಕರಿಗೆ ಒಂದು ಸೂಚನೆ. ಇಲ್ಲಿ ಬಂದ ಲೆಕ್ಕಗಳಲ್ಲಿ ಗುಣಾಕಾರ, ಭಾಗಾಕಾರ, ವರ್ಗಮೂಲ, ಕೋನಮಾನ ಇವುಗಳನ್ನು ಮೀರಿದುದು ಯಾವುದೂ ಇಲ್ಲ. ಒಂದು ತರಗತಿಯ ಅವಧಿಯಲ್ಲಿ ವಿದ್ಯಾರ್ಥಿಗಳಿಂದಲೇ ಮಾಡಿಸಬಹುದು. ನಾವು ಹೋಲಿಸಿದ ಎರಡೂ ಯಂತ್ರಗಳ ಚಿಪ್ಪುಗಳನ್ನು ರೂಪಿಸಿದ ಎಎಂಡಿ ಸಂಸ್ಥೆ ೨೦೨೩ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದುದು ಬೆಂಗಳೂರಿನಲ್ಲಿ. ಹೊರನಾಡುಗಳ ಆಟಗಳಿಗೆ ಚಿತ್ರಸಾಮಗ್ರಿ ಸಿದ್ಧಪಡಿಸಿದ ಧ್ರುವ ಇಂಟರ್‌ಆಕ್ಟಿವ್ ೧೯೯೭ರಲ್ಲಿ ಆರಂಭವಾದುದೂ ಅಲ್ಲಿಯೇ. ಕೂಡ್ಲಿಗಿಯಿಂದಲೋ ಹರಪನಹಳ್ಳಿಯಿಂದಲೋ ಹೊರಟ ವಿದ್ಯಾರ್ಥಿಗೆ ಆ ಬಾಗಿಲುಗಳು ದೂರವೇನಲ್ಲ. ಜಾಹೀರಾತಿನ ಅಂಕಿಯನ್ನು ಒಪ್ಪಿಸುವುದನ್ನು ಬಿಟ್ಟು ಅದನ್ನು ಬಿಡಿಸಿ ನೋಡುವ ಅಭ್ಯಾಸ ಅವನಿಗೆ ಕಾಲೇಜಿನಲ್ಲಿಯೇ ಆಗಬೇಕು.