ವೀಸಾ ಅಮ್ಮನಿಗಷ್ಟೇ

ಕೊಚ್ಚಿಯ ಎಂ.ಜಿ. ರಸ್ತೆಯಲ್ಲಾಗಲಿ, ತಿರುವನಂತಪುರದ ತಂಪಾನೂರಿನಲ್ಲಾಗಲಿ ತಲೆಯೆತ್ತಿದರೆ ವಿದೇಶಿ ಶಿಕ್ಷಣದ ಏಜೆನ್ಸಿಗಳ ಫಲಕ. ಗೌನು ತೊಟ್ಟು ನಗುವ ಹುಡುಗ ಹುಡುಗಿಯರು, ಹಿಂದೆ ಯಾವುದೋ ಗಡಿಯಾರ ಗೋಪುರ. ಕಂಕುಳಲ್ಲಿ ಕೂಸಿರುವ ವಿದ್ಯಾರ್ಥಿನಿ ಮಾತ್ರ ಆ ಚಿತ್ರಗಳಲ್ಲಿ ಅಪರೂಪ. ಆದರೆ ಕೆಲವು ವರ್ಷ ದುಡಿದು, ಮದುವೆಯಾಗಿ, ಮಗುವಾದ ಮೇಲೆ ಎಂಎಸ್ಸಿಗೆ ಹೊರಡುವವರೂ ಇದ್ದಾರೆ.

ಕೇರಳ ವಲಸೆ ಸಮೀಕ್ಷೆಯ ಪ್ರಕಾರ ಹೊರದೇಶದಲ್ಲಿ ಓದುತ್ತಿದ್ದ ಕೇರಳದ ವಿದ್ಯಾರ್ಥಿಗಳು 2018ರಲ್ಲಿ ಸುಮಾರು 1.29 ಲಕ್ಷ, 2023ರಲ್ಲಿ 2.5 ಲಕ್ಷ. ಅಂದರೆ ಐದೇ ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿ.

ಇವರಲ್ಲಿ ಎಳೆಮಕ್ಕಳಿರುವವರ ಲೆಕ್ಕಾಚಾರವನ್ನೆಲ್ಲ ಬುಡಮೇಲು ಮಾಡಿದ್ದು ಬ್ರಿಟನ್ನಿನ ಒಂದು ನಿಯಮ. ಅಲ್ಲಿಯವರೆಗೆ ಹೆಂಡತಿ ಓದಿಗೆ ಹೋದರೆ ಗಂಡ, ಮಕ್ಕಳು ಡಿಪೆಂಡೆಂಟ್ ವೀಸಾದಲ್ಲಿ ಜೊತೆಗೂಡಬಹುದಿತ್ತು. ಆಕೆಗೆ ತರಗತಿಗಳಿರುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಮೆ. ಗಂಡನಿಗೆ ಆ ಮಿತಿಯಿಲ್ಲ. ಒಬ್ಬರು ಓದು, ಒಬ್ಬರು ಸಂಪಾದನೆ, ಪಾಳಿ ಹಾಕಿಕೊಂಡು ಮಗು: ಸಂಸಾರ ಹೇಗೋ ಸಾಗುತ್ತಿತ್ತು. 2024ರ ಜನವರಿ 1ರಿಂದ ಶುರುವಾದ ಕೋರ್ಸುಗಳಿಗೆ ಆ ಬಾಗಿಲು ಮುಚ್ಚಿತು. ಸಂಶೋಧನೆಯ ಕೋರ್ಸಿನಲ್ಲಿರುವವರಿಗೆ ಮತ್ತು ಸರ್ಕಾರಿ ವಿದ್ಯಾರ್ಥಿವೇತನದಲ್ಲಿ ಹೋಗುವವರಿಗೆ ಮಾತ್ರ ವಿನಾಯಿತಿ. ಹೆಚ್ಚಿನವರು ಸೇರುವ ಒಂದು ವರ್ಷದ ಎಂಎಸ್ಸಿ, ಎಂಬಿಎಗಳಿಗೆ ಇಲ್ಲ.

ಪರಿಣಾಮವಾಗಿ ಮಗು ಊರಿನಲ್ಲಿ ಅಮ್ಮೂಮ್ಮನ, ಅಂದರೆ ಅಜ್ಜಿಯ, ಮಡಿಲಿಗೆ, ತಾಯಿ ವಿಮಾನಕ್ಕೆ. ಗಲ್ಫಿಗೆ ದುಡಿಯಲು ಹೋದ ಅಪ್ಪಂದಿರನ್ನು ದಶಕಗಳಿಂದ ಕಂಡ ಕೇರಳಕ್ಕೆ ಅಗಲಿಕೆ ಹೊಸದಲ್ಲ. ಈಗ ಹೊರಟವಳು ಅಮ್ಮ, ಅದೂ ಲಕ್ಷಗಟ್ಟಲೆ ಸಾಲ ಹೊತ್ತು.

ಪಿಎಚ್‌ಡಿಗೆ ಹೋಗುವವರಿಗೆ ದಾರಿಯಿದೆ, ದುಬಾರಿ ಮಾತ್ರ. 2024ರ ದರದಲ್ಲಿ ಮಗುವೊಂದಕ್ಕೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ. ಲಂಡನ್ನಿನ ಹೊರಗಾದರೆ ತಿಂಗಳಿಗೆ 680 ಪೌಂಡಿನಂತೆ ಒಂಬತ್ತು ತಿಂಗಳಿಗೆ 6,120 ಪೌಂಡ್ ಬ್ಯಾಂಕಿನಲ್ಲಿ ತೋರಿಸಬೇಕು. ಸಾಮಾನ್ಯವಾಗಿ ಅಪ್ಪ ಅಮ್ಮ ಇಬ್ಬರೂ ಅಲ್ಲಿದ್ದರೆ ಮಾತ್ರ ಮಗುವಿಗೆ ವೀಸಾ. ಅಲ್ಲಿಗೆ ತಲುಪಿದ ಮೇಲೆ ಕೊಂಚ ನಿರಾಳ: ಇಂಗ್ಲೆಂಡಿನಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳಿಗೆ ವರ್ಷದ 38 ವಾರ, ವಾರಕ್ಕೆ 15 ಗಂಟೆ ಶಿಶುವಿಹಾರ ಉಚಿತ, ಆಮೇಲೆ ಸರ್ಕಾರಿ ಶಾಲೆ. ಎರಡು ವರ್ಷದ ಮಗುವಿನ ತಾಯಿಗೆ ಅದು ಮೂರಕ್ಕೆ ಬರುವವರೆಗೆ ಕಷ್ಟಕಾಲ. ಕೆನಡಾ ಕೂಡ ಬಿಗಿಯಾಗಿದೆ: 2025ರ ಜನವರಿಯಿಂದ, ಸ್ನಾತಕೋತ್ತರ ಕೋರ್ಸು 16 ತಿಂಗಳಿಗಿಂತ ಕಡಿಮೆಯಿದ್ದರೆ ಸಂಗಾತಿಗೆ ಕೆಲಸದ ಪರವಾನಗಿ ಸಿಗದು.

ಹಾಗಾಗಿ ಏಜೆನ್ಸಿಯ ಮೆಟ್ಟಿಲೇರುವ ತಾಯಿ ವಿಶ್ವವಿದ್ಯಾಲಯದ ರ್‍ಯಾಂಕಿಗಿಂತ ಮೊದಲು ಕೋರ್ಸು ಪಾಠದ್ದೋ ಸಂಶೋಧನೆಯದೋ ಎಂದು ಕೇಳುವುದು ಒಳಿತು.

ಇದೇ ಹೊತ್ತಿನಲ್ಲಿ ಊರಿನ ವಿಶ್ವವಿದ್ಯಾಲಯಗಳು ವಿದ್ಯಾರ್ಥಿನಿಯರ ವಿಷಯದಲ್ಲಿ ಮೆತ್ತಗಾಗಿವೆ. 2023ರ ಜನವರಿಯಲ್ಲಿ ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯ ಮುಟ್ಟಿನ ಕಾರಣಕ್ಕೆ ಶೇ. 2ರಷ್ಟು ಹಾಜರಾತಿ ರಿಯಾಯಿತಿ ಕೊಟ್ಟಿತು. ಅದೇ ತಿಂಗಳು ರಾಜ್ಯ ಸರ್ಕಾರ ಅದನ್ನು ಎಲ್ಲೆಡೆಗೂ ವಿಸ್ತರಿಸಿ, 18 ತುಂಬಿದ ವಿದ್ಯಾರ್ಥಿನಿಯರಿಗೆ 60 ದಿನಗಳ ಹೆರಿಗೆ ರಜೆಯನ್ನೂ ಸೇರಿಸಿತು. ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ ಮಾರ್ಚ್‌ನಲ್ಲಿ ಈ ರಜೆಯನ್ನು ಆರು ತಿಂಗಳಿಗೆ ಏರಿಸಿತು. ಮರಳಿ ಬಂದವಳು ಹೊಸದಾಗಿ ಪ್ರವೇಶ ಪಡೆಯಬೇಕಿಲ್ಲ. ವೈದ್ಯಕೀಯ ದಾಖಲೆ ನೋಡಿ ಪ್ರಾಂಶುಪಾಲರೇ ತರಗತಿಗೆ ಸೇರಿಸಿಕೊಳ್ಳಬಹುದು.