ಕದ್ದು ತಂದ ಸತ್ಯ

ಗಾಂಧಿ ಬಜಾರಿನಲ್ಲಿ ಒಂದು ಸಂಜೆ ಕ್ರೈಸ್ತ ಮಿತ್ರರೊಬ್ಬರು ನನ್ನನ್ನು ತಡೆದು ಕೇಳಿದರು: “ಮೇಷ್ಟ್ರೆ, ಹೆಂಡತಿಯ ಪೆಟ್ಟಿಗೆಯ ಬೀಗ ಮುರಿದು ತೆಗೆದ ಪತ್ರವನ್ನು ನ್ಯಾಯಪೀಠದ ಮುಂದೆ ಇಡಬಹುದೆ?” ಅವರ ಬಂಧುವೊಬ್ಬನ ಸಂಸಾರ ಒಡೆದಿತ್ತು. ಕನ್ನಡ ಪಾಠ ಹೇಳುವವನಿಗೆ ಕಾನೂನಿನ ಪ್ರಶ್ನೆ! ಆದರೂ ಅದು ಮನೆಯವರೆಗೂ ನನ್ನ ಬೆನ್ನು ಹತ್ತಿ ಬಂದಿತು.

ಕೆಥೋಲಿಕ ಧರ್ಮಸಭೆಯ ನ್ಯಾಯಪೀಠವು ಇಂಥ ಮೊಕದ್ದಮೆಗಳಲ್ಲಿ ವಿಚಾರಿಸುವುದು, ವಿವಾಹವು ಆರಂಭದಿಂದಲೇ ಅಸಿಂಧುವಾಗಿತ್ತೆ ಎಂಬುದನ್ನು. ಬಲಿಪೀಠದ ಮುಂದೆ ಸಮ್ಮತಿಯಿತ್ತ ಗಳಿಗೆಯಲ್ಲಿ ಮನಸ್ಸಿನೊಳಗೆ ಏನಿತ್ತೆಂಬುದೇ ಅಲ್ಲಿ ಮುಖ್ಯ. ಆದಕಾರಣ ಹಳೆಯ ಓಲೆ, ದಿನಚರಿ, ವೈದ್ಯರ ಚೀಟಿಗಳಿಗೆ ಅಷ್ಟು ಬೆಲೆ. ಆದರೆ 1983ರ ಧರ್ಮಸಭಾ ಸಂಹಿತೆಯ 1527ನೆಯ ವಿಧಿ ಎರಡು ನಿಬಂಧನೆಗಳನ್ನು ಹಾಕಿದೆ: ಸಾಕ್ಷ್ಯವು ಉಪಯುಕ್ತವಾಗಿರಬೇಕು, ನ್ಯಾಯಸಮ್ಮತವೂ ಆಗಿರಬೇಕು.

ನಮ್ಮ ಸರಕಾರಿ ನ್ಯಾಯಾಲಯಗಳ ದಾರಿ ಬೇರೆ. ಅಕ್ರಮವಾಗಿ ಪಡೆದದ್ದೆಂಬ ಕಾರಣಕ್ಕೇ ಸಂಬಂಧಪಟ್ಟ ಸಾಕ್ಷ್ಯವನ್ನು ತಳ್ಳಿಹಾಕಬೇಕಿಲ್ಲವೆಂದು ಸುಪ್ರೀಂ ಕೋರ್ಟು ಪೂರಣ್ ಮಲ್ ಮೊಕದ್ದಮೆಯಲ್ಲಿಯೇ ಹೇಳಿತು. ಗೋಪ್ಯತೆ ಮೂಲಭೂತ ಹಕ್ಕೆಂಬ 2017ರ ತೀರ್ಪಿಗೆ ಕಾರಣರಾದವರು ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆದರೂ 2025ರ ಜುಲೈ 14ರಂದು ಕನ್ನಡತಿ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಪೀಠವು, ಪತ್ನಿಗೆ ತಿಳಿಯದಂತೆ ಪತಿ ಮುದ್ರಿಸಿಕೊಂಡ ಮಾತುಗಳನ್ನು ವಿಚ್ಛೇದನದ ವ್ಯಾಜ್ಯದಲ್ಲಿ ಸ್ವೀಕರಿಸಬಹುದೆಂದಿತು. ದಂಪತಿಗಳು ಪರಸ್ಪರ ಹೊಂಚುಹಾಕುವ ಸ್ಥಿತಿಯೇ ದಾಂಪತ್ಯ ಮುರಿದುದರ ಕುರುಹೆಂದು ಪೀಠದ ಅಭಿಪ್ರಾಯ.

ಹೀಗೆ ಒಂದೇ ಪತ್ರಕ್ಕೆ ಎರಡು ಬಾಗಿಲುಗಳಲ್ಲಿ ಎರಡು ಬಗೆಯ ಸ್ವಾಗತ ದೊರೆಯಬಹುದು. ಒಂದರಲ್ಲಿ ಗೆದ್ದರೆ ಸಾಲದು. ಧರ್ಮಪೀಠದ ಘೋಷಣೆಯಿಂದ ಕಾನೂನಿನ ವಿವಾಹ ಮುರಿಯದೆಂದು ಸುಪ್ರೀಂ ಕೋರ್ಟು 1996ರಲ್ಲಿ ಮಾಲಿ ಜೋಸೆಫ್ ಮೊಕದ್ದಮೆಯಲ್ಲಿ ನಿರ್ಣಯಿಸಿತು. ಆ ಘೋಷಣೆಗೆ ಮಾನ್ಯತೆ ಬೇಡಿ ನಮ್ಮ ನಾಡಿನ ಕ್ಲಾರೆನ್ಸ್ ಪಾಯಸ್ ಅವರು ಸಲ್ಲಿಸಿದ ಅರ್ಜಿಯೂ 2017ರಲ್ಲಿ ವಜಾ ಆಯಿತು. ಅದನ್ನರಿಯದೆ ಮರುಮದುವೆಯಾದವನಿಗೆ ದ್ವಿಪತ್ನಿತ್ವದ ಆರೋಪ ಕಾದಿರುತ್ತದೆ.

ಮರುವಾರ ಮಿತ್ರರಿಗೆ ಇಷ್ಟನ್ನೂ ತಿಳಿಸಿ ಹೇಳಿದೆ: “ಬೀಗ ಮುರಿಯುವ ಮೊದಲು ಬಾಯಿಬಿಟ್ಟು ಕೇಳಬಹುದಿತ್ತು. ನ್ಯಾಯಪೀಠವೂ ಆಕೆಯನ್ನು ಪ್ರಶ್ನಿಸಬಲ್ಲದು, ಸಾಕ್ಷಿಗಳನ್ನು ಕರೆಸಬಲ್ಲದು.”

ಅವರು ತುಸು ಹೊತ್ತು ಸುಮ್ಮನಿದ್ದು, “ಪತ್ರವನ್ನು ಇದ್ದಲ್ಲಿಯೇ ಇಡಿಸುತ್ತೇನೆ” ಎಂದರು.

ಪತ್ರ ಪೆಟ್ಟಿಗೆಗೆ ಮರಳೀತು. ಮುರಿದ ಬೀಗವನ್ನು ನೋಡಿದವಳ ನಂಬಿಕೆ ಮರಳುವುದೆ?