ಲೋಹದ ಸಂಪುಟದಲ್ಲಿ ವಿಷಾನಿಲ

ಆಟದಲ್ಲಿ ಬಿದ್ದ ಮಗುವಿನ ಮೊಣಕಾಲಿನ ಪೆಟ್ಟು ಮೊದಲು ಕಪ್ಪುಗಟ್ಟಿ, ನಾಲ್ಕಾರು ದಿನಗಳಲ್ಲಿ ಹಸಿರು ಛಾಯೆ ತಾಳಿ, ಕೊನೆಗೆ ಹಳದಿಯಾಗಿ ಮಾಯುವುದನ್ನು ಕಾಣದ ತಾಯಿಯಿಲ್ಲ. ಚರ್ಮದಡಿಯಲ್ಲಿ ಒಸರಿ ನಿಂತ ನೆತ್ತರಿನ ಹೀಮ್ ಎಂಬ ಕೆಂಪು ದ್ರವ್ಯವನ್ನು ದೇಹವು ಒಡೆಯುವಾಗ ಮೊದಲು ಬಿಲಿವರ್ಡಿನ್ ಎಂಬ ಹಸಿರು ವಸ್ತುವೂ, ಅನಂತರ ಬಿಲಿರುಬಿನ್ ಎಂಬ ಹಳದಿ ವಸ್ತುವೂ ಹುಟ್ಟುತ್ತವೆ. ಕಾಮಾಲೆಯಾದವರ ಕಣ್ಣಿಗೆ ಹಳದಿ ಬಳಿಯುವುದು ಈ ಎರಡನೆಯದೇ. ಆದರೆ ಹೀಮ್ ಒಡೆಯುವ ಗಳಿಗೆಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ವಸ್ತುವೂ ಹೊರಬೀಳುತ್ತದೆ. ಅದು ಕಾರ್ಬನ್ ಮಾನಾಕ್ಸೈಡು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನಿಟ್ಟು ಮಲಗಿದವರನ್ನು ನಿದ್ರೆಯಲ್ಲಿಯೇ ಕೊಲ್ಲುವ ಅದೇ ಅನಿಲ! ನೀಲಗಿರಿಯ ಚಳಿಯನ್ನು ಬಲ್ಲ ನಮ್ಮ ಓದುಗರಿಗೆ ಅದರ ಕ್ರೌರ್ಯವನ್ನು ಹೊಸದಾಗಿ ವರ್ಣಿಸಬೇಕಾಗಿಲ್ಲ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕದ ಮೇಲಿರುವ ಒಲವಿಗಿಂತ ಇದರ ಮೇಲಿನ ಒಲವು ಇನ್ನೂರು ಪಟ್ಟಿಗೂ ಮಿಗಿಲು. ಆಮ್ಲಜನಕಕ್ಕೆ ಮೀಸಲಾದ ಪೀಠದಲ್ಲಿ ಇದು ಕುಳಿತರೆ ಬೇಗ ಏಳುವುದಿಲ್ಲ. ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲಾಡ್ ಬರ್ನಾರ್ಡ್ 1850ರ ದಶಕದಲ್ಲಿಯೇ ಈ ಗುಟ್ಟನ್ನು ಬಯಲಿಗೆಳೆದನು. ಇಂಥ ವಿಷವನ್ನು ದೇಹವು ತಾನೇ ತಯಾರಿಸುತ್ತದೆಯೆಂದು 1949ರಲ್ಲಿ ಸ್ವೀಡನ್ನಿನ ಷಾಸ್ಟ್ರಾಂಡ್ ತೋರಿಸಿಕೊಟ್ಟಾಗ ಅದೊಂದು ಕಸವೆಂದೇ ಎಲ್ಲರೂ ಬಗೆದರು. ಒಬ್ಬ ವಯಸ್ಕನ ದೇಹದಲ್ಲಿ ದಿನಕ್ಕೆ ಹುಟ್ಟುವುದು ಸುಮಾರು 10 ಮಿಲಿಲೀಟರ್; ಉಸಿರಿನೊಡನೆ ಅದು ಹೊರಟುಹೋಗುತ್ತದೆ. ಹೀಮನ್ನು ಒಡೆಯುವ ಕಿಣ್ವದ ಪರಿಚಯವಾದದ್ದು 1968ರಲ್ಲಿ.

ಕಸವೆಂಬ ಭಾವನೆ ಅಳಿಯಲು ಇನ್ನೊಂದು ಅನಿಲ ನೆರವಾಯಿತು. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡು ರಕ್ತನಾಳಗಳನ್ನು ಸಡಿಲಿಸುವ ದೂತನೆಂದು ತಿಳಿದುಬಂದು, ಆ ಶೋಧಕ್ಕೆ 1998ರ ನೊಬೆಲ್ ಪಾರಿತೋಷಕವೂ ಸಂದಿತು. ಅದರಂತೆ ಕಾರ್ಬನ್ ಮಾನಾಕ್ಸೈಡೂ ಅಲ್ಪ ಪ್ರಮಾಣದಲ್ಲಿ ರಕ್ತನಾಳಗಳನ್ನು ಸಡಿಲಿಸುತ್ತದೆ, ಉರಿಯೂತವನ್ನು ತಗ್ಗಿಸುತ್ತದೆ, ರಕ್ತವಿಲ್ಲದೆ ಬಳಲಿದ ಅಂಗಕ್ಕೆ ಮತ್ತೆ ರಕ್ತ ನುಗ್ಗುವಾಗ ಆಗುವ ಹಾನಿಯನ್ನು ತಡೆಯುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಕಂಡುಬಂದಿತು. ವತ್ಸನಾಭಿಯನ್ನು ಶೋಧಿಸಿ ಮದ್ದಾಗಿಸಿದ ನಮ್ಮ ಪಂಡಿತರಿಗೆ ಈ ಮಾತು ಅಷ್ಟೇನೂ ವಿಚಿತ್ರವೆನಿಸಲಾರದು. ಆದರೆ ವತ್ಸನಾಭಿಯನ್ನು ತೂಗಬಹುದು, ಅರೆಯಬಹುದು. ಅನಿಲವನ್ನು ಹೇಗೆ ಕೊಡುವುದು? ಮೂಗಿನ ಮೂಲಕ ಕೊಟ್ಟರೆ ಮೊದಲು ಸಿಕ್ಕುವುದು ಹಿಮೋಗ್ಲೋಬಿನ್ನೇ. ಬೇನೆಯಿರುವ ಅಂಗಕ್ಕೆ ತಲುಪಿಸಲೆಂದು ಪ್ರಮಾಣವನ್ನು ಏರಿಸಿದರೆ ರೋಗಿಯ ಪ್ರಾಣಕ್ಕೇ ಸಂಚಕಾರ. ಆಸ್ಪತ್ರೆಯಲ್ಲಿ ಕೊಳವೆ ಸೋರಿದರೆ ದಾದಿಯರ ಗತಿಯೇನು?

ಇಲ್ಲಿ ಲೋಹಗಳು ರಂಗಕ್ಕೆ ಬರುತ್ತವೆ. 1890ರಲ್ಲಿ ಲುಡ್ವಿಗ್ ಮಾಂಡ್ ಎಂಬ ರಸಾಯನಶಾಸ್ತ್ರಜ್ಞನೂ ಅವನ ಸಂಗಡಿಗರೂ ಇಂಗ್ಲೆಂಡಿನಲ್ಲಿ ನಿಕಲ್ಲಿನ ಸಣ್ಣ ಪುಡಿಯ ಮೇಲೆ ಈ ಅನಿಲವನ್ನು ಹಾಯಿಸಿದಾಗ, ಗಟ್ಟಿ ಲೋಹವು ಅನಿಲದೊಡನೆ ಕೂಡಿ ಆವಿಯಾಗಿ ಹೊರಟುಹೋಯಿತು! ಆ ಆವಿಯನ್ನು ಕಾಯಿಸಿದರೆ ಶುದ್ಧ ನಿಕಲ್ ಹಿಂದಕ್ಕೆ ಬಂದಿತು. ಲೋಹವನ್ನು ಶುದ್ಧಿಗೊಳಿಸಲು ಈ ವಿಧಾನವು ಕೈಗಾರಿಕೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಲ್ಲಿ ಅನಿಲವು ಲೋಹವನ್ನು ಹೊತ್ತು ತರುತ್ತದೆ. ಔಷಧಕ್ಕೆ ಬೇಕಾದದ್ದು ಅದರ ತಿರುವುಮುರುವು, ಲೋಹವು ಅನಿಲವನ್ನು ಹೊತ್ತು ತರಬೇಕು. ಹೊತ್ತದ್ದನ್ನು ಹೇಳಿದ ಜಾಗದಲ್ಲಿ ಇಳಿಸಲೂಬೇಕು.

ಇಟಲಿಯ ವಿಜ್ಞಾನಿ ರಾಬರ್ಟೊ ಮೊಟರ್ಲೀನಿ ಲಂಡನ್ನಿನ ಬಳಿಯ ಹ್ಯಾರೋದಲ್ಲಿ ಈ ಕೆಲಸಕ್ಕೆ ಕೈಯಿಟ್ಟು 2002ರಲ್ಲಿ ಮೊದಲ ಫಲಿತಾಂಶಗಳನ್ನು ಪ್ರಕಟಿಸಿದನು. ಇಂಥ ಅಣುಗಳಿಗೆ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 'ಕಾರ್ಮ್' ಎಂದು ಕರೆದರು. ಮೊದಲನೆಯದು ಮ್ಯಾಂಗನೀಸಿನ ಸಂಯುಕ್ತ; ಬೆಳಕು ಬಿದ್ದರೆ ಮಾತ್ರ ಅನಿಲವನ್ನು ಬಿಡುತ್ತಿತ್ತು. ಎರಡನೆಯದು ಪ್ಲಾಟಿನಂ ಬಳಗದ ರುಥೇನಿಯಂ ಲೋಹದ್ದು; ಅದನ್ನು ನೀರಿನಲ್ಲಲ್ಲದೆ ಬೇರೊಂದು ದ್ರಾವಕದಲ್ಲಿ ಕರಗಿಸಬೇಕಾಗಿತ್ತು. ಆಗ ಶೆಫೀಲ್ಡ್ ವಿಶ್ವವಿದ್ಯಾನಿಲಯದ ಬ್ರಯನ್ ಮ್ಯಾನ್ ರುಥೇನಿಯಮ್ಮಿಗೆ ಗ್ಲೈಸಿನ್ ಎಂಬ ಅಮೈನೋ ಆಮ್ಲವನ್ನು ಜೋಡಿಸಿ, ನೀರಿನಲ್ಲಿ ಕರಗುವ 'ಕಾರ್ಮ್-3'ನ್ನು ಸಿದ್ಧಪಡಿಸಿದನು. 2003ರಲ್ಲಿ ವರದಿಯಾದ ಪ್ರಯೋಗಗಳಲ್ಲಿ ಇದು ರಕ್ತ ತಪ್ಪಿದ ಇಲಿಯ ಹೃದಯವನ್ನು ಕಾಪಾಡಿತು. ಒಂದರಿಂದ ಇನ್ನೊಂದಕ್ಕೆ ಕಸಿಮಾಡಿದ ಚಿಟ್ಟಿಲಿಯ ಹೃದಯದ ಬಾಳಿಕೆಯನ್ನೂ ಹೆಚ್ಚಿಸಿತು.

ಇಂಥ ಅಣುವನ್ನು ಕಟ್ಟುವುದು ಬುತ್ತಿ ಕಟ್ಟಿದ ಹಾಗೆ. ಗಂಟು ಸಡಿಲವಾದರೆ ದಾರಿಯಲ್ಲಿಯೇ ಚೆಲ್ಲಿಹೋಗುತ್ತದೆ. ಬಿಗಿಯಾದರೆ ಉಣ್ಣುವ ಹೊತ್ತಿಗೆ ಬಿಚ್ಚಲಾಗದು. ಲೋಹ ಯಾವುದು, ಅದರ ಸುತ್ತ ಅನಿಲದ ಜೊತೆಗೆ ನಿಲ್ಲುವ ನೆರೆಯ ಅಣುಗಳು ಯಾವುವು ಎಂಬುದರ ಮೇಲೆ ಗಂಟಿನ ಬಿಗಿ ನಿಂತಿದೆ. ಪೋರ್ಚುಗಲ್ಲಿನಲ್ಲಿ ರುಥೇನಿಯಮ್ಮಿಗೆ ಗ್ಯಾಲಕ್ಟೋಸ್ ಸಕ್ಕರೆಯಿಂದ ಪಡೆದ ಅಣುವೊಂದನ್ನು ಜೋಡಿಸಿದರು. ಪಿತ್ತಜನಕಾಂಗವು ಆ ಸಕ್ಕರೆಯನ್ನು ಗುರುತಿಸಿ ಸೆಳೆದುಕೊಳ್ಳುತ್ತದೆ. ಮಿದುಳಿಗೇರುವ ಮಲೇರಿಯಾ ತಗುಲಿದ ಇಲಿಗಳನ್ನು ಈ ಸಂಯುಕ್ತವು ಸಾವಿನಿಂದ ಪಾರುಮಾಡಿತೆಂದು 2012ರಲ್ಲಿ ವರದಿಯಾಯಿತು. ಮಲೇರಿಯಾದ ಹೆಸರು ಕೇಳಿದರೆ ಕಿವಿ ನಿಮಿರುವ ನಮ್ಮಂಥವರಿಗೆ ಇದು ಆಸೆ ಹುಟ್ಟಿಸುವ ಸುದ್ದಿಯೇ ಸರಿ. ಆದರೆ ಇಲಿಗೆ ಒಗ್ಗಿದ್ದೆಲ್ಲ ಮನುಷ್ಯನಿಗೆ ಒಗ್ಗುವುದೆಂದಿಲ್ಲ.

ಅದೇ ವರ್ಷ ಒಂದು ತೊಡಕು ಹೊರಬಿದ್ದಿತು. ಸಂಯುಕ್ತವು ಎಷ್ಟು ಅನಿಲವನ್ನು ಬಿಡುತ್ತದೆಂದು ತಿಳಿಯಲು ಸ್ನಾಯುಗಳಲ್ಲಿರುವ ಮಯೋಗ್ಲೋಬಿನ್ನಿನ ದ್ರಾವಣಕ್ಕೆ ಅದನ್ನು ಬೆರೆಸಿ, ವರ್ಣ ಬದಲಾಗುವುದನ್ನು ಅಳೆಯುವುದು ರೂಢಿ. ದ್ರಾವಣದಲ್ಲಿ ಆಮ್ಲಜನಕ ಉಳಿಯದಿರಲೆಂದು ಸೋಡಿಯಂ ಡೈಥಯೊನೈಟ್ ಎಂಬ ಲವಣವನ್ನು ಹಾಕುತ್ತಿದ್ದರು. ಕಾರ್ಮ್-3ರಿಂದ ಅನಿಲವನ್ನು ಬೇಗ ಬೇಗ ಬಿಡಿಸುತ್ತಿದ್ದುದು ಈ ಲವಣವೇ ಎಂದು ಶೆಫೀಲ್ಡಿನ ರಾಬರ್ಟ್ ಪೂಲ್ ಮತ್ತು ಸಂಗಡಿಗರು ತೋರಿಸಿದರು. ತಕ್ಕಡಿಯನ್ನು ನೇರವಾಗಿ ಹಿಡಿಯಲು ಹೋದ ಕೈಯೇ ತಟ್ಟೆಯನ್ನು ಒತ್ತಿದಂತಾಯಿತು! ಲವಣವಿಲ್ಲದಿದ್ದಾಗ ಸಂಯುಕ್ತವು ಬಿಡುವ ಅನಿಲ ಅತ್ಯಲ್ಪ.

ಹಾಗಾದರೆ ಅಷ್ಟೆಲ್ಲ ಪರಿಣಾಮಗಳಿಗೆ ಕಾರಣವೇನು? ಕಾರ್ಮ್-3 ರೋಗಾಣುಗಳನ್ನು ಕೊಲ್ಲುತ್ತದೆಂಬ ಖ್ಯಾತಿಯೂ ಇದ್ದಿತು. 2018ರಲ್ಲಿ ಶೆಫೀಲ್ಡಿನಿಂದಲೇ ಉತ್ತರ ಬಂದಿತು. ಕೊಲ್ಲುತ್ತಿದ್ದುದು ಅನಿಲವಲ್ಲ, ಅದನ್ನು ಹೊತ್ತು ತಂದ ರುಥೇನಿಯಂ. ಜೀವಕೋಶದ ಗಂಧಕಯುಕ್ತ ಅಣುಗಳಿಗೆ ಅದು ಅಂಟಿಕೊಳ್ಳುತ್ತಿತ್ತು. ಕಾರ್ಮ್-3 ಹುಟ್ಟಿದ ವಿಶ್ವವಿದ್ಯಾನಿಲಯವೇ ಅದರ ದೋಷವನ್ನೂ ಹುಡುಕಿ ಹೇಳಿದ್ದು ಮೆಚ್ಚತಕ್ಕ ಸಂಗತಿ. ಅನಿಲವನ್ನು ಮೂಗಿನ ಮೂಲಕವೇ ಕೊಟ್ಟು ನಡೆಸಿದ ಹಿಂದಿನ ಪ್ರಯೋಗಗಳಿಗೆ ಇದರಿಂದ ಕುಂದಿಲ್ಲ. ಕಾರ್ಮ್-2, ಕಾರ್ಮ್-3ನ್ನು ಬಳಸಿ ಬರೆದ ನೂರಾರು ಲೇಖನಗಳನ್ನು ಮಾತ್ರ ಮತ್ತೊಮ್ಮೆ ಎಚ್ಚರದಿಂದ ಓದಬೇಕಾಗಿದೆ.

ಲೋಹಮೂಲದ ಇಂಥ ಒಂದು ಔಷಧವೂ ಇನ್ನೂ ಔಷಧದಂಗಡಿಗೆ ಬಂದಿಲ್ಲ. ಲೋಹದ ಸಹವಾಸವೇ ಬೇಡವೆಂದು ಕೆಲವರು ಬೋರಾನಿನತ್ತಲೂ ಇಂಗಾಲದ ಸಂಯುಕ್ತಗಳತ್ತಲೂ ಹೊರಳಿದ್ದಾರೆ. ಬೋರಾನಿನ ಒಂದು ಸಂಯುಕ್ತವು ದೇಹದ ಶಾಖದಲ್ಲಿ 21 ನಿಮಿಷಗಳಲ್ಲಿ ಅರ್ಧದಷ್ಟು ಕರಗಿ ನಿಧಾನವಾಗಿ ಅನಿಲವನ್ನು ಒದಗಿಸುತ್ತದೆ. ಇನ್ನು ಕೆಲವರು ಮ್ಯಾಂಗನೀಸನ್ನೂ ಬೆಳಕನ್ನೂ ಮತ್ತೆ ನೆಚ್ಚಿದ್ದಾರೆ. ಮ್ಯಾಂಗನೀಸು ದೇಹಕ್ಕೆ ಅಲ್ಪ ಪ್ರಮಾಣದಲ್ಲಿ ಬೇಕಾದ ಲೋಹ. ಬೆಳಕನ್ನು ಬೇಕೆಂದಾಗ, ಬೇಕಾದಲ್ಲಿ ಹಾಯಿಸಬಹುದು. ಆದರೆ ನೇರಿಳೆ, ನೀಲಿ ಬೆಳಕು ಚರ್ಮದೊಳಗೆ ಹೆಚ್ಚು ದೂರ ಇಳಿಯುವುದಿಲ್ಲ, ಕೆಂಪು ಬೆಳಕು ಅದಕ್ಕಿಂತ ಆಳಕ್ಕೆ ಹೋಗುತ್ತದೆ. ಕೆಂಪು ಬೆಳಕಿಗೆ ಬಿಚ್ಚಿಕೊಳ್ಳುವ ಗಂಟನ್ನು ಕಟ್ಟಲು ಅವರು ಈಗ ಶ್ರಮಿಸುತ್ತಿದ್ದಾರೆ.